ಗಾಯ, ಕಡಿತ ಮತ್ತು ಲಸಿಕೆ: ರೈತರ ಪ್ರಶ್ನೆಗಳಿಗೆ ಉತ್ತರ

(ಮಡಿವಾಳದಲ್ಲಿ ಸೇರಿದ್ದ ತರಕಾರಿ ಬೆಳೆಗಾರರು ಮತ್ತು ಹಾಲು ಉತ್ಪಾದಕರ ಸಭೆಯಲ್ಲಿ ಬೇಸಾಯಶಾಸ್ತ್ರದ ಉಪನ್ಯಾಸಕರೊಬ್ಬರು ಮಾಡಿದ ಭಾಷಣ)



ಗೊಬ್ಬರ, ಬೀಜ, ಕಳೆ ಇವುಗಳ ಬಗ್ಗೆ ಮಾತನಾಡುವ ಬೇಸಾಯಶಾಸ್ತ್ರದ ಮೇಷ್ಟ್ರು ಇಂದು ಮನುಷ್ಯರ ಲಸಿಕೆಯ ವಿಷಯ ಎತ್ತಿಕೊಂಡಿದ್ದಾರಲ್ಲ ಎಂದು ನಿಮಗೆ ಅನ್ನಿಸಬಹುದು. ನಾನು ವೈದ್ಯನಲ್ಲ, ಚಿಕಿತ್ಸೆ ಹೇಳುವ ಅಧಿಕಾರ ನನಗಿಲ್ಲ. ಆದರೆ ಹಳ್ಳಿಗಳಲ್ಲಿ ಸಭೆ ಮುಗಿದ ಮೇಲೆ ರೈತರು ಕೇಳುವ ಪ್ರಶ್ನೆಗಳಲ್ಲಿ ಹಲವು ಬೆಳೆಯವಲ್ಲ. "ಕುಡುಗೋಲು ತಗುಲಿದೆ, ಸೂಜಿ ಹಾಕಿಸಬೇಕೆ?" "ನಾಯಿ ಪರಚಿದೆ, ರಕ್ತ ಬಂದಿಲ್ಲ, ಪರವಾಗಿಲ್ಲವೆ?" "ಹುಚ್ಚು ಹಿಡಿದ ಹಸುವಿನ ಹಾಲು ಕುಡಿದಿದ್ದೇವೆ, ಏನು ಮಾಡುವುದು?" ಸಾಂಕ್ರಾಮಿಕ ರೋಗಗಳ ತಜ್ಞ ವೈದ್ಯರ ಮುಂದೆ ದಿನವೂ ಬರುವ ಪ್ರಶ್ನೆಗಳು ಇವೇ. ವೈದ್ಯಶಾಸ್ತ್ರ ಇವಕ್ಕೆ ಕೊಟ್ಟಿರುವ ಉತ್ತರಗಳನ್ನು ನಮ್ಮ ಮಾತಿನಲ್ಲಿ ನಿಮ್ಮ ಮುಂದಿಡುತ್ತೇನೆ.

ಆನೇಕಲ್, ಸರ್ಜಾಪುರ, ಹೊಸೂರು ಕಡೆಯಿಂದ ತರಕಾರಿ ತಂದು ಈ ಮಡಿವಾಳದ ಮಾರುಕಟ್ಟೆಯಲ್ಲಿ ಇಳಿಸುವವರು ಬೆಳಗಿನ ಜಾವ ಬೀದಿನಾಯಿಗಳ ನಡುವೆಯೇ ಓಡಾಡುತ್ತಾರೆ. ಹೊಲದಲ್ಲಿ ಬರಿಗಾಲು, ಕೊಟ್ಟಿಗೆಯಲ್ಲಿ ಬರಿಗೈ. ಮಣ್ಣು, ಸಗಣಿ, ನಾಯಿ, ದನ ಇವುಗಳ ಸಹವಾಸ ಬಿಟ್ಟು ನಮ್ಮ ಕಸುಬು ಇಲ್ಲ. ಆದ್ದರಿಂದ ಲಸಿಕೆಯ ವಿಚಾರ ಬೇಸಾಯದ ವಿಚಾರವೂ ಹೌದು.

ಲಸಿಕೆ ಎಂದರೇನು?

ಲಸಿಕೆ ಔಷಧಿಯಲ್ಲ. ಔಷಧಿ ಬಂದ ರೋಗವನ್ನು ವಾಸಿಮಾಡುತ್ತದೆ. ಲಸಿಕೆ ಬರಬಹುದಾದ ರೋಗವನ್ನು ಎದುರಿಸಲು ದೇಹವನ್ನು ಅಣಿಗೊಳಿಸುತ್ತದೆ. ಸತ್ತ ಅಥವಾ ಶಕ್ತಿ ಕುಂದಿಸಿದ ರೋಗಾಣುವನ್ನೋ, ಅದರ ಒಂದು ಭಾಗವನ್ನೋ ದೇಹಕ್ಕೆ ಪರಿಚಯಿಸಿದಾಗ ದೇಹವು ಅದಕ್ಕೆ ತಕ್ಕ ಪ್ರತಿರೋಧ ವಸ್ತುವನ್ನು ತಾನೇ ತಯಾರಿಸಿಕೊಳ್ಳುತ್ತದೆ. ನಮ್ಮ ರಾಗಿಯಲ್ಲಿ ಜಿಪಿಯು-28 ತಳಿಯು ಬೆಂಕಿ ರೋಗವನ್ನು ತಡೆಯುವ ಗುಣವನ್ನು ಹುಟ್ಟಿನಿಂದಲೇ ಪಡೆದಿದೆ. ಮನುಷ್ಯನಿಗೆ ಅಂಥ ಗುಣ ಹುಟ್ಟಿನಿಂದ ಬರುವುದು ಕಡಿಮೆ, ಕಲಿಸಿ ಕೊಡಬೇಕು. ಈ ಕಲಿಕೆಗೆ ದಿನಗಳು, ಕೆಲವೊಮ್ಮೆ ವಾರಗಳು ಬೇಕು. ಇಂದು ಚುಚ್ಚಿಸಿಕೊಂಡರೆ ಇಂದೇ ರಕ್ಷಣೆ ಸಿಗುವುದಿಲ್ಲ. ನಾನು ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ಲಸಿಕೆಯ ಚರಿತ್ರೆ ಹಸುವಿನಿಂದಲೇ ಆರಂಭವಾಗುತ್ತದೆ ಎಂಬುದು ರೈತರಿಗೆ ಸಂತೋಷದ ಸಂಗತಿ. ಹಸುವಿನ ಕೆಚ್ಚಲಿನ ಸಿಡುಬು ತಗುಲಿದ ಹಾಲು ಕರೆಯುವವರಿಗೆ ಮನುಷ್ಯರ ಸಿಡುಬು ಬರುವುದಿಲ್ಲ ಎಂಬ ಹಳ್ಳಿಯ ಮಾತನ್ನು ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ 1796ರಲ್ಲಿ ಪರೀಕ್ಷಿಸಿ ನೋಡಿದನು. ಆ ಲಸಿಕೆ 1802ರಲ್ಲಿ ಭಾರತಕ್ಕೆ ಬಂತು. ಥಾಮಸ್ ಹಿಕಿ ಎಂಬ ಚಿತ್ರಕಾರ 1805ರ ಸುಮಾರಿಗೆ ಮೈಸೂರು ರಾಜಮನೆತನದ ಮೂವರು ಸ್ತ್ರೀಯರನ್ನು ಚಿತ್ರಿಸಿದ್ದಾನೆ. ಅವರಲ್ಲಿ ಒಬ್ಬರು ಸೆರಗು ಸರಿಸಿ ತೋಳು ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗವನ್ನು ಜನರಿಗೆ ತೋರಿಸಿ ಧೈರ್ಯ ತುಂಬುವುದಕ್ಕೆ ಎಂದು ಇತಿಹಾಸಕಾರರು ಅಭಿಪ್ರಾಯಪಡುತ್ತಾರೆ. ಸಿಡುಬು ಜಗತ್ತಿನಿಂದಲೇ ತೊಲಗಿತೆಂದು 1980ರಲ್ಲಿ ಘೋಷಿಸಲಾಯಿತು.

ದನಗಳ ವಿಷಯವನ್ನೂ ನೋಡಿ. ಊರಿನ ದನಗಳನ್ನೆಲ್ಲ ಒಟ್ಟಿಗೆ ಕೊಲ್ಲುತ್ತಿದ್ದ ದೊಡ್ಡ ರೋಗವನ್ನು ಹತೋಟಿಗೆ ತರಲು 1925ರಲ್ಲಿ ಮೈಸೂರು ಸೀರಂ ಸಂಸ್ಥೆ ಸ್ಥಾಪನೆಯಾಯಿತು. ಇಂದು ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯ ಮೂಲ ಅದೇ. ಲಸಿಕೆಯ ಬಲದಿಂದ ದೊಡ್ಡ ರೋಗವೂ 2011ರಲ್ಲಿ ಭೂಮಿಯಿಂದಲೇ ನಿರ್ಮೂಲವಾಯಿತು. ಈಗಿನ ಯುವಕರು ಆ ರೋಗವನ್ನು ಕಣ್ಣಿಂದ ಕಂಡಿಲ್ಲ. ರೋಗ ಕಾಣದಿದ್ದಾಗ ಲಸಿಕೆ ಯಾಕೆ ಎಂಬ ಪ್ರಶ್ನೆ ಹುಟ್ಟುವುದು ಸಹಜ. ಆದರೆ ರೋಗ ಕಾಣದಂತಾಗಿರುವುದು ಲಸಿಕೆಯಿಂದ ಎಂಬುದನ್ನು ಮರೆಯಬಾರದು.

ಇನ್ನು ರೈತರಿಗೆ ಮುಖ್ಯವಾದ ಎರಡು ರೋಗಗಳಿಗೆ ಬರುತ್ತೇನೆ: ಧನುರ್ವಾಯು ಮತ್ತು ಹುಚ್ಚುನಾಯಿ ರೋಗ. ಇವೆರಡಕ್ಕೂ ಒಂದು ಸಾಮ್ಯವಿದೆ. ಗಾಯವಾದ ದಿನಕ್ಕೂ ರೋಗ ಕಾಣಿಸುವ ದಿನಕ್ಕೂ ನಡುವೆ ಬಿಡುವು ಇರುತ್ತದೆ. ಬಿತ್ತನೆಗೆ ಹದವಿರುವಂತೆ ಇದು ಜೀವ ಉಳಿಸಿಕೊಳ್ಳುವ ಹದ. ಹದ ಮೀರಿದ ಮೇಲೆ ಎಷ್ಟು ಒಳ್ಳೆಯ ಬೀಜ ಬಿತ್ತಿದರೂ ಬೆಳೆ ಕೈಗೆ ಬರುವುದಿಲ್ಲ.

ಧನುರ್ವಾಯು

ಪ್ರಶ್ನೆ: ಕಬ್ಬಿಣದ ತುಕ್ಕಿನಿಂದ ಧನುರ್ವಾಯು ಬರುತ್ತದೆಯೆ?

ತುಕ್ಕಿನಿಂದ ಬರುವುದಿಲ್ಲ. ಈ ರೋಗದ ಅಣುಜೀವಿಯ ಬೀಜಕಣಗಳು ಮಣ್ಣಿನಲ್ಲಿ, ದನ ಕುದುರೆಗಳ ಸಗಣಿ ಲದ್ದಿಯಲ್ಲಿ ಇರುತ್ತವೆ. ಬಿಸಿಲು, ಬರ ಯಾವುದಕ್ಕೂ ಜಗ್ಗದೆ ವರ್ಷಗಟ್ಟಲೆ ಉಳಿಯಬಲ್ಲವು. ತಿಪ್ಪೆಯಲ್ಲಿ ಬಿದ್ದಿದ್ದ ಮೊಳೆ, ಗುದ್ದಲಿ, ರಾಗಿಯ ಕೂಳೆ, ಗುಲಾಬಿ ಮುಳ್ಳು, ಏನು ಚುಚ್ಚಿದರೂ ಆ ಬೀಜಕಣ ಒಳಸೇರಬಹುದು. ಗಾಳಿಯಾಡದ ಆಳವಾದ ಗಾಯದಲ್ಲಿ ಅದು ಮೊಳೆತು ನಂಜನ್ನು ಸುರಿಸುತ್ತದೆ. ಆ ನಂಜು ನರಗಳಿಗೆ ಅಂಟಿಕೊಳ್ಳುತ್ತದೆ. ದವಡೆ ಕಚ್ಚಿಕೊಳ್ಳುವುದು, ಕತ್ತು ಬಿಗಿಯುವುದು, ಬೆನ್ನು ಬಿಲ್ಲಿನಂತೆ ಬಾಗುವುದು ಇದರ ಲಕ್ಷಣ. ಸಾಮಾನ್ಯವಾಗಿ ಗಾಯವಾದ 3ರಿಂದ 21 ದಿನಗಳೊಳಗೆ ಇವು ಕಾಣಿಸುತ್ತವೆ. ಅಷ್ಟು ಹೊತ್ತಿಗೆ ಸಣ್ಣ ಗಾಯವಾಗಿದ್ದರೆ ಮಾಯ್ದು ಮರೆತೂ ಹೋಗಿರುತ್ತದೆ.

ಪ್ರಶ್ನೆ: ಪ್ರತಿ ಸಾರಿ ಗಾಯವಾದಾಗಲೂ ಸೂಜಿ ಬೇಕೆ?

ಬೇಕಿಲ್ಲ. ಇಲ್ಲಿಯೇ ಹಲವರಿಗೆ ತಪ್ಪು ತಿಳುವಳಿಕೆ ಇದೆ. ಜೀವಮಾನದಲ್ಲಿ ಒಮ್ಮೆಯೂ ಲಸಿಕೆ ಪಡೆಯದವನಿಗೆ ಗಾಯವಾದ ದಿನ ಒಂದು ಸೂಜಿ ಹಾಕಿದರೆ ಅದು ಆ ಗಾಯಕ್ಕೆ ರಕ್ಷಣೆ ಕೊಡುವಷ್ಟು ಬೇಗ ಕೆಲಸ ಮಾಡುವುದಿಲ್ಲ. ಮಣ್ಣು ಮೆತ್ತಿದ ದೊಡ್ಡ ಗಾಯವಾದರೆ ಅಂಥವರಿಗೆ ಸಿದ್ಧ ಪ್ರತಿವಿಷವನ್ನೂ ಕೊಡಬೇಕಾಗುತ್ತದೆ. ಮೊದಲೇ ಪೂರ್ತಿ ಲಸಿಕೆ ಪಡೆದವನಿಗಾದರೋ ಒಂದು ಸೂಜಿ ಹಳೆಯ ಕಲಿಕೆಯನ್ನು ಎಬ್ಬಿಸಿಬಿಡುತ್ತದೆ. ಪೂರ್ತಿ ಪಡೆದವರಿಗೆ ಶುಭ್ರವಾದ ಸಣ್ಣ ಗಾಯಕ್ಕೆ ಕೊನೆಯ ಸೂಜಿಯಾಗಿ 10 ವರ್ಷ ಕಳೆದಿದ್ದರೆ, ಮಣ್ಣು ಸಗಣಿ ಸೇರಿದ ಅಥವಾ ಆಳವಾದ ಗಾಯಕ್ಕೆ 5 ವರ್ಷ ಕಳೆದಿದ್ದರೆ, ಮತ್ತೊಂದು ಬೇಕಾಗುತ್ತದೆ. ಆದ್ದರಿಂದ ಕೊನೆಯ ಸೂಜಿ ಯಾವ ವರ್ಷ ಹಾಕಿಸಿದ್ದು ಎಂಬುದನ್ನು ಬೆಳೆಯ ಲೆಕ್ಕದ ಪುಸ್ತಕದಲ್ಲಿಯೇ ಬರೆದಿಡಿ.

ಇಂದಿನ ಮಕ್ಕಳಿಗೆ ಒಂದೂವರೆ ತಿಂಗಳಿನಿಂದ ಆರಂಭಿಸಿ 16 ವರ್ಷದವರೆಗೆ ಹಂತ ಹಂತವಾಗಿ ಈ ಲಸಿಕೆ ದೊರೆಯುತ್ತದೆ. ಕಷ್ಟವಿರುವುದು ಹಿರಿಯರಲ್ಲಿ. ಐವತ್ತು ಅರವತ್ತು ದಾಟಿದ ಎಷ್ಟೋ ರೈತರಿಗೆ ಮೊದಲ ಹಂತದ ಮೂರು ಸೂಜಿಗಳೇ ಆಗಿರುವುದಿಲ್ಲ. ಮೊದಲನೆಯದು ಇಂದು, ಎರಡನೆಯದು ಒಂದು ತಿಂಗಳಿಗೆ, ಮೂರನೆಯದು ಅದಾದ ಆರು ತಿಂಗಳಿಂದ ಒಂದು ವರ್ಷದೊಳಗೆ: ಇಷ್ಟು ಮುಗಿಸಿಕೊಂಡರೆ ಅಡಿಪಾಯ ಬಿದ್ದಂತೆ. ಆರೋಗ್ಯ ಕೇಂದ್ರಗಳಲ್ಲಿ ಈಗ ಹಳೆಯ ಟಿ.ಟಿ.ಯ ಬದಲು ಗಂಟಲಮಾರಿಯನ್ನೂ ತಡೆಯುವ ಟಿ.ಡಿ. ಲಸಿಕೆ ಕೊಡುತ್ತಾರೆ.

ಪ್ರಶ್ನೆ: ಗಾಯಕ್ಕೆ ಸಗಣಿ, ಸುಣ್ಣ, ಕಾಫಿಪುಡಿ ಹಚ್ಚುವುದು ಒಳ್ಳೆಯದೆ?

ಖಂಡಿತ ಕೂಡದು. ಸಗಣಿ ಹೊಲಕ್ಕೆ ಒಳ್ಳೆಯ ಗೊಬ್ಬರ, ಗಾಯಕ್ಕಲ್ಲ. ರೋಗದ ಬೀಜವನ್ನು ನಾವೇ ಕೈಯಾರೆ ಬಿತ್ತಿದಂತಾಗುತ್ತದೆ. ಹಿಂದೆ ಹಸುಗೂಸಿನ ಹೊಕ್ಕುಳಿಗೆ ಇಂಥವನ್ನು ಹಚ್ಚಿ ಎಷ್ಟೋ ಕೂಸುಗಳು ಧನುರ್ವಾಯುವಿನಿಂದ ತೀರಿಕೊಂಡವು. ಗರ್ಭಿಣಿಯರಿಗೆ ಲಸಿಕೆ, ಶುಭ್ರ ಹೆರಿಗೆ, ಹೊಕ್ಕುಳಿಗೆ ಏನನ್ನೂ ಹಚ್ಚದಿರುವುದು, ಈ ಮೂರರಿಂದ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯು ನಮ್ಮ ದೇಶದಲ್ಲಿ ಹತೋಟಿಗೆ ಬಂದಿದೆಯೆಂದು 2015ರಲ್ಲಿ ಖಚಿತಪಡಿಸಲಾಯಿತು. ಆದರೆ ಬೀಜಕಣ ಮಣ್ಣಿನಿಂದ ಹೋಗಿಲ್ಲ, ಹೋಗುವುದೂ ಇಲ್ಲ. ಒಬ್ಬರಿಂದ ಒಬ್ಬರಿಗೆ ಹರಡುವ ರೋಗ ಇದಲ್ಲವಾದ್ದರಿಂದ ಊರಿನವರೆಲ್ಲ ಲಸಿಕೆ ಹಾಕಿಸಿಕೊಂಡರೂ ಹಾಕಿಸಿಕೊಳ್ಳದ ಒಬ್ಬನಿಗೆ ರಕ್ಷಣೆ ಸಿಗುವುದಿಲ್ಲ.

ಹುಚ್ಚುನಾಯಿ ರೋಗ

ಇದು ಇನ್ನೂ ಭಯಂಕರ. ರೋಗದ ಲಕ್ಷಣ ಒಮ್ಮೆ ಕಾಣಿಸಿದರೆ ಬದುಕಿ ಉಳಿಯುವುದು ಅತ್ಯಂತ ವಿರಳ. ಆದರೆ ಲಕ್ಷಣ ಕಾಣುವ ಮುಂಚೆ ಸರಿಯಾದ ಕ್ರಮ ಕೈಗೊಂಡರೆ ಸಾವನ್ನು ತಪ್ಪಿಸಬಹುದು. ಕಚ್ಚಿದ ಪ್ರಾಣಿಯ ಜೊಲ್ಲಿನಲ್ಲಿರುವ ವೈರಾಣು ಗಾಯದಿಂದ ನರಗಳ ದಾರಿ ಹಿಡಿದು ಮೆಲ್ಲಮೆಲ್ಲನೆ ಮಿದುಳಿಗೆ ಸಾಗುತ್ತದೆ. ಇದಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ. ಮುಖ, ಕತ್ತು, ಕೈಬೆರಳುಗಳಿಗೆ ಕಚ್ಚಿದ್ದರೆ ಬೇಗ. ಮಕ್ಕಳು ಗಿಡ್ಡವಾಗಿರುವುದರಿಂದ ನಾಯಿ ಅವರ ಮುಖಕ್ಕೇ ಬಾಯಿ ಹಾಕುವುದು ಹೆಚ್ಚು. ವೈರಾಣು ಮಿದುಳು ಮುಟ್ಟುವ ಮುನ್ನ ದೇಹ ಸಿದ್ಧವಾಗಬೇಕು. ಕಚ್ಚಿದ ಮೇಲೆ ಹಾಕುವ ಲಸಿಕೆ ಕೆಲಸ ಮಾಡುವ ಗುಟ್ಟು ಇದೇ. 1885ರಲ್ಲಿ ಲೂಯಿ ಪಾಸ್ಟರ್ 9 ವರ್ಷದ ಬಾಲಕನೊಬ್ಬನಿಗೆ ಮೊದಲು ಈ ಲಸಿಕೆ ಕೊಟ್ಟನು. ನಮ್ಮ ನೆರೆಯ ನೀಲಗಿರಿಯ ಕೂನೂರಿನಲ್ಲಿ 1907ರಲ್ಲಿ ಪಾಸ್ಟರ್ ಸಂಸ್ಥೆ ಆರಂಭವಾಯಿತು.

ಪ್ರಶ್ನೆ: ಕಚ್ಚಿದ ಕೂಡಲೆ ಏನು ಮಾಡಬೇಕು?

ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆಯಬೇಕು. ಈ ವೈರಾಣುವಿನ ಮೇಲಿರುವ ಕೊಬ್ಬಿನ ಪದರವನ್ನು ಸಾಬೂನು ಕರಗಿಸುತ್ತದೆ. ಪದರ ಹೋದರೆ ವೈರಾಣು ಸಾಯುತ್ತದೆ. ತೊಳೆದು ಶುಚಿ ಮಾಡುವ ಕಾಯಕವನ್ನು ನೆನಪಿಸುವ ಹೆಸರಿನ ಊರಿನಲ್ಲಿ ನಿಂತು ಈ ಮಾತು ಹೇಳುತ್ತಿದ್ದೇನೆ; ಮೊದಲ ಮದ್ದು ಸಾಬೂನು ಮತ್ತು ನೀರು. ಪಂಪ್‌ಸೆಟ್ಟಿನ ನೀರು ಹರಿಯುತ್ತಿದ್ದರೆ ಅಲ್ಲಿಯೇ ತೊಳೆಯಿರಿ. ಖಾರದ ಪುಡಿ, ಸುಣ್ಣ, ಎಣ್ಣೆ, ಸೊಪ್ಪಿನ ರಸ ಯಾವುದನ್ನೂ ಹಚ್ಚಬಾರದು. ಬಿಗಿಯಾಗಿ ಕಟ್ಟಬಾರದು. ಅನಂತರ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ರಕ್ತ ಬಂದಿಲ್ಲ, ಬರೀ ಪರಚಿದ್ದು. ಸಣ್ಣ ಮರಿ. ಲಸಿಕೆ ಬೇಕೆ?

ಬೇಕು. ರಕ್ತ ಬಾರದ ತರಚು ಗಾಯಕ್ಕೂ ಲಸಿಕೆ ಬೇಕು. ಮರಿಗೂ ರೋಗ ಇರಬಹುದು. ರಕ್ತ ಬಂದಿದ್ದರೆ, ಅಥವಾ ಬಾಯಿ, ಕಣ್ಣು, ಗಾಯವಿದ್ದ ಚರ್ಮಕ್ಕೆ ಜೊಲ್ಲು ತಗುಲಿದ್ದರೆ ಲಸಿಕೆಯ ಜೊತೆಗೆ ಗಾಯದ ಸುತ್ತ ಸಿದ್ಧ ಪ್ರತಿರೋಧ ವಸ್ತುವನ್ನೂ, ಅಂದರೆ ಇಮ್ಯುನೊಗ್ಲಾಬ್ಯುಲಿನ್, ಚುಚ್ಚಬೇಕಾಗುತ್ತದೆ. ಲಸಿಕೆಯಿಂದ ದೇಹ ಕಲಿಯುವ ತನಕ ಗಾಯದ ಬಳಿ ಕಾವಲು ಇರುವುದು ಇದೇ. ಗಾಯ ದೊಡ್ಡದಿದ್ದರೆ ಈ ಎರಡನೆಯ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ನೀವೇ ಕೇಳಿ. ಮುಟ್ಟಿದ್ದು, ಮೇವು ಹಾಕಿದ್ದು, ಗಾಯವಿಲ್ಲದ ಚರ್ಮವನ್ನು ನೆಕ್ಕಿದ್ದು ಇಷ್ಟಕ್ಕೆ ಮಾತ್ರ ಲಸಿಕೆ ಬೇಡ; ತೊಳೆದರೆ ಸಾಕು. ನಾಯಿಯಲ್ಲದೆ ಬೆಕ್ಕು, ಕೋತಿ, ನರಿ, ಮುಂಗುಸಿ ಕಚ್ಚಿದಾಗಲೂ ಇದೇ ಕ್ರಮ.

ಪ್ರಶ್ನೆ: ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂದು ಹೆದರಿಕೆ.

ಅದು ಹಳೆಯ ಕಾಲದ ಮಾತು. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಆ ಲಸಿಕೆಯನ್ನು ನಮ್ಮ ದೇಶದಲ್ಲಿ 2005ರ ಹೊತ್ತಿಗೆ ಕೈಬಿಡಲಾಯಿತು. ಈಗ ತೋಳಿಗೆ ಹಾಕುತ್ತಾರೆ. ಚರ್ಮದೊಳಗೆ ಹಾಕುವ ಕ್ರಮದಲ್ಲಿ ಮೊದಲ ದಿನವನ್ನು ಸೊನ್ನೆ ಎಂದಿಟ್ಟುಕೊಂಡು 3, 7 ಮತ್ತು 28ನೆಯ ದಿನ, ಹೀಗೆ ನಾಲ್ಕು ಸಲ. ಮಾಂಸಖಂಡಕ್ಕೆ ಹಾಕುವ ಕ್ರಮದಲ್ಲಿ 14ನೆಯ ದಿನವೂ ಸೇರಿ ಐದು ಸಲ. ಸ್ವಲ್ಪವೇ ಲಸಿಕೆಯಲ್ಲಿ ಹೆಚ್ಚು ಜನರನ್ನು ಕಾಪಾಡುವ ಚರ್ಮದೊಳಗಿನ ಕ್ರಮಕ್ಕೆ ಭಾರತದಲ್ಲಿ 2006ರಲ್ಲಿ ಅನುಮತಿ ದೊರೆಯಿತು. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಲಸಿಕೆ ಉಚಿತ. ಗರ್ಭಿಣಿಯರು, ಬಾಣಂತಿಯರು, ಎಳೆಯ ಮಕ್ಕಳು ಯಾರಿಗೂ ನಿಷಿದ್ಧವಿಲ್ಲ. ಊಟದಲ್ಲಿ ಪಥ್ಯವೂ ಇಲ್ಲ.

ನಡುವೆ ಒಂದು ಸೂಜಿ ತಪ್ಪಿದರೆ ಮೊದಲಿನಿಂದ ಆರಂಭಿಸಬೇಕಾಗಿಲ್ಲ. ಕೂಡಲೆ ಹೋಗಿ ಮುಂದುವರಿಸಿ. ಕಚ್ಚಿ ಹದಿನೈದು ದಿನವಾಯಿತು, ಇನ್ನೇನು ಪ್ರಯೋಜನ ಎಂದು ಮನೆಯಲ್ಲಿ ಕೂರಬೇಡಿ. ಲಕ್ಷಣ ಕಾಣದಿರುವ ತನಕ ಹದ ಇನ್ನೂ ಇದೆ.

ಪ್ರಶ್ನೆ: ಕಚ್ಚಿದ ನಾಯಿ ಚೆನ್ನಾಗಿದೆ. ಹತ್ತು ದಿನ ನೋಡೋಣವೆ?

ನೋಡಿ, ಆದರೆ ಲಸಿಕೆ ಆರಂಭಿಸಿ ನೋಡಿ. ನಾಯಿ ಅಥವಾ ಬೆಕ್ಕು ಹತ್ತು ದಿನ ಆರೋಗ್ಯವಾಗಿ ಉಳಿದರೆ ಮುಂದಿನ ಸೂಜಿ ಬೇಕೆ ಬೇಡವೆ ಎಂಬುದನ್ನು ವೈದ್ಯರು ತೀರ್ಮಾನಿಸುತ್ತಾರೆ. ನಾಯಿ ಸಾಯುವ ತನಕ ಕಾಯುವುದು ಹದ ಕಳೆದುಕೊಂಡಂತೆ.

ಪ್ರಶ್ನೆ: ನಮ್ಮೂರಿನಲ್ಲಿ ಮಂತ್ರ ಹಾಕಿ ಬೇರು ಕೊಡುವವರಿದ್ದಾರೆ. ಅವರ ಬಳಿ ಹೋದ ಹತ್ತಾರು ಜನ ಬದುಕಿದ್ದಾರಲ್ಲ?

ಈ ಪ್ರಶ್ನೆಗೆ ಬೇಸಾಯಶಾಸ್ತ್ರದವನಾಗಿ ಉತ್ತರ ಕೊಡಬಲ್ಲೆ. ಹೊಸ ಗೊಬ್ಬರವೊಂದನ್ನು ಹಾಕಿ ಇಳುವರಿ ಬಂತೆಂದರೆ ನಾವು ಕೂಡಲೆ ನಂಬುವುದಿಲ್ಲ. ಪಕ್ಕದಲ್ಲಿ ಗೊಬ್ಬರ ಹಾಕದ ಹೋಲಿಕೆಯ ತಾಕು ಇರಬೇಕು. ಅಲ್ಲಿಯೂ ಅಷ್ಟೇ ಇಳುವರಿ ಬಂದಿದ್ದರೆ ಗೊಬ್ಬರದ ಗುಣ ಏನೂ ಇಲ್ಲವೆಂದೇ ಅರ್ಥ. ಕಚ್ಚುವ ನಾಯಿಗಳೆಲ್ಲ ಹುಚ್ಚುನಾಯಿಗಳಲ್ಲ. ಹುಚ್ಚಿಲ್ಲದ ನಾಯಿ ಕಚ್ಚಿದವರು ಬೇರು ತಿಂದರೂ ಬದುಕುತ್ತಾರೆ, ತಿನ್ನದಿದ್ದರೂ ಬದುಕುತ್ತಾರೆ. ಬದುಕಿದವರು ಬೇರಿನ ಹೆಸರು ಹೇಳುತ್ತಾರೆ. ನಿಜವಾದ ಹುಚ್ಚುನಾಯಿ ಕಚ್ಚಿ ಸತ್ತವರು ಬಂದು ಹೇಳುವುದಿಲ್ಲ. ಕಚ್ಚಿದ ನಾಯಿ ಯಾವ ಬಗೆಯದು ಎಂದು ಕಣ್ಣಿನಿಂದ ನೋಡಿ ನಿರ್ಧರಿಸುವುದು ನಮ್ಮಿಂದಾಗದು. ನಿಮ್ಮ ಮನೆಯ ಮಗುವನ್ನು ಪ್ರಯೋಗದ ತಾಕು ಮಾಡಬೇಡಿ.

ಪ್ರಶ್ನೆ: ಹುಚ್ಚು ಹಿಡಿದ ಹಸುವಿನ ಹಾಲು ಕುಡಿದಿದ್ದರೆ?

ಕಾಯಿಸಿದ ಹಾಲಿನಿಂದ ಭಯವಿಲ್ಲ, ಲಸಿಕೆ ಬೇಕಾಗಿಲ್ಲ. ಹಸಿ ಹಾಲನ್ನು ಯಾವಾಗಲೂ ಕುಡಿಯಬಾರದು. ನಿಜವಾದ ಅಪಾಯ ಬೇರೆ ಕಡೆ ಇದೆ. ಹಸು ಮೇವು ಬಿಟ್ಟು, ಜೊಲ್ಲು ಸುರಿಸುತ್ತಾ, ನುಂಗಲಾರದೆ, ವಿಚಿತ್ರವಾಗಿ ಕೂಗುತ್ತಿದ್ದರೆ, ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ಬರಿಗೈಯನ್ನು ಬಾಯೊಳಗೆ ತೂರಿಸುವ ಅಭ್ಯಾಸ ನಮ್ಮಲ್ಲಿದೆ. ಹಾಗೆ ಮಾಡಬೇಡಿ. ಅದು ರೇಬಿಸ್ ಇರಬಹುದು. ಹಸುವನ್ನು ಬೇರೆ ಕಟ್ಟಿ ಪಶುವೈದ್ಯರನ್ನು ಕರೆಸಿ. ಈಗಾಗಲೇ ಕೈ ಹಾಕಿದ್ದರೆ ಸಾಬೂನಿನಿಂದ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ದನಕ್ಕೆ ನಾಯಿ ಕಚ್ಚಿದರೆ ದನಕ್ಕೂ ಕೂಡಲೆ ಲಸಿಕೆ ಹಾಕಿಸಬೇಕು.

ಈ ರೋಗದ ಬಗ್ಗೆ ನಮ್ಮ ಊರಿನಲ್ಲಿಯೇ ಒಳ್ಳೆಯ ಕೆಲಸ ನಡೆದಿದೆ. ಇದೇ ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್ ಸಂಸ್ಥೆಯ ಪ್ರಯೋಗಾಲಯ ರೇಬಿಸ್ ಪತ್ತೆ ಮತ್ತು ಸಂಶೋಧನೆಗೆ ಹೆಸರಾಗಿದೆ. ವಿಶ್ವೇಶ್ವರಪುರದ ಕೆಂಪೇಗೌಡ ಆಸ್ಪತ್ರೆಯಲ್ಲಿ ರೇಬಿಸ್ ತಡೆ ಲಸಿಕೆಗಳ ಬಗ್ಗೆ ಬಹುಕಾಲ ಅಧ್ಯಯನ ನಡೆದಿದೆ. ವಿದ್ಯೆ ಹತ್ತಿರವಿದ್ದೂ ಜೀವ ಹೋಗುವುದಾದರೆ ಅದು ನಡುವಿನ ದಾರಿ ನಡೆಯದ್ದರಿಂದ.

ಮನುಷ್ಯರಿಗೆ ಲಸಿಕೆಯಿಲ್ಲದ ರೋಗಗಳು

ಎಲ್ಲ ರೋಗಕ್ಕೂ ಲಸಿಕೆ ಇಲ್ಲ ಎಂಬುದೂ ತಿಳಿದಿರಬೇಕು. ದನಗಳು ಕಂದು ಹಾಕುವ ರೋಗ, ಅಂದರೆ ಬ್ರುಸೆಲ್ಲಾ ರೋಗ, ಹಾಲು ಉತ್ಪಾದಕರಿಗೆ ತಗುಲಿದರೆ ಜ್ವರ ಬಂದು ಹೋಗುತ್ತಾ ತಿಂಗಳುಗಟ್ಟಲೆ ಕೀಲುನೋವು ಕಾಡುತ್ತದೆ. ಮನುಷ್ಯರಿಗೆ ಇದರ ಲಸಿಕೆ ಇಲ್ಲ. ಆದರೆ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಇದೆ. ಕರುವಿಗೆ ಹಾಕಿಸಿದ ಲಸಿಕೆಯೇ ಮನೆಯವರಿಗೆ ಕಾವಲು. ಕಂದು, ಸತ್ತೆ ಮುಟ್ಟುವಾಗ ಕೈಗವಸು ಹಾಕಿಕೊಳ್ಳಿ. ಸತ್ತೆಯನ್ನು ನಾಯಿಗೆ ಎಸೆಯದೆ ಆಳವಾಗಿ ಹೂಳಿ.

ಲಸಿಕೆಯ ಮಿತಿಯನ್ನು ತೋರಿಸುವ ಉದಾಹರಣೆಯೂ ನಮ್ಮ ರಾಜ್ಯದಲ್ಲಿಯೇ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಸುತ್ತಿನ ಜನರಿಗೆ ಜ್ವರ ಬಂದು, ಮಂಗನ ಕಾಯಿಲೆ ಬೆಳಕಿಗೆ ಬಂತು. ಇದು ಉಣುಗಿನ ಕಡಿತದಿಂದ ಬರುವ ರೋಗ. ಇದಕ್ಕೆ ಬಹುವರ್ಷ ಕೊಡುತ್ತಿದ್ದ ಲಸಿಕೆಯ ಶಕ್ತಿ ಸಾಲದೆಂದು ಕಂಡುಬಂದು 2022ರಲ್ಲಿ ನಿಲ್ಲಿಸಲಾಯಿತು. ಹೊಸ ಲಸಿಕೆಗಾಗಿ ಸಂಶೋಧನೆ ನಡೆದಿದೆ. ಕೆಲಸ ಮಾಡದ ಲಸಿಕೆಯನ್ನು ವಿಜ್ಞಾನವೇ ಅಳೆದು ಬದಿಗಿಡುತ್ತದೆ ಎಂಬುದನ್ನು ಇದರಿಂದ ತಿಳಿಯಬಹುದು. ಮಲೆನಾಡಿಗೆ ಹೋಗುವವರು ಕಾಡಿಗೆ ಇಳಿಯುವ ಮುನ್ನ ಮೈ ಮುಚ್ಚುವ ಬಟ್ಟೆ ಹಾಕಿ, ಉಣುಗು ನಿವಾರಕ ತೈಲ ಹಚ್ಚಿ, ಮರಳಿದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ಒಗೆಯಬೇಕು.

ಪ್ರಶ್ನೆ: ಲಸಿಕೆ ಹಾಕಿಸಿಕೊಂಡರೆ ಜ್ವರ ಬರುತ್ತದೆ. ಅದು ಕೆಟ್ಟದ್ದಲ್ಲವೆ?

ಒಂದೆರಡು ದಿನ ತೋಳು ನೋವು, ಸಣ್ಣ ಜ್ವರ ಬರುವುದು ಸಹಜ. ಬಹು ಅಪರೂಪಕ್ಕೆ ಕೆಲವರಿಗೆ ಮೈಗೊಗ್ಗದೆ ಉಸಿರಾಟದ ತೊಂದರೆ ಆಗಬಹುದು. ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲಿಯೇ ಕೂರಿ ಎಂದು ದಾದಿಯರು ಹೇಳುವುದು ಇದಕ್ಕೇ; ಸಂತೆಗೆ ಹೊತ್ತಾಯಿತೆಂದು ಎದ್ದು ಬರಬೇಡಿ.

ಕೊನೆಯದಾಗಿ ನೆನಪಿಡಬೇಕಾದ ಅಂಶಗಳು:

1. ಗಾಯ ಯಾವುದೇ ಇರಲಿ, ಮೊದಲು ಸಾಬೂನು ಮತ್ತು ನೀರು. ಪ್ರಾಣಿ ಕಚ್ಚಿದ್ದರೆ ಕಾಲು ಗಂಟೆ.

2. ಸಗಣಿ, ಸುಣ್ಣ, ಖಾರದ ಪುಡಿ ಬೇಡ.

3. ಧನುರ್ವಾಯುವಿನ ಮೂರು ಸೂಜಿಗಳನ್ನು ಗಾಯವಾಗುವ ಮುಂಚೆಯೇ ಮುಗಿಸಿಕೊಳ್ಳಿ. ಮನೆಯ ಹಿರಿಯರನ್ನೂ, ಕೂಲಿಗೆ ಬರುವವರನ್ನೂ ಮರೆಯಬೇಡಿ.

4. ನಾಯಿ ಕಚ್ಚಿದರೆ ಅದೇ ದಿನ ಆಸ್ಪತ್ರೆ. ಕೊನೆಯ ಸೂಜಿಯವರೆಗೂ ಬಿಡಬೇಡಿ.

5. ಸಾಕಿದ ನಾಯಿಗೆ ಪ್ರತಿ ವರ್ಷ ರೇಬಿಸ್ ಲಸಿಕೆ, ಹೆಣ್ಣು ಕರುವಿಗೆ ಬ್ರುಸೆಲ್ಲಾ ಲಸಿಕೆ ಹಾಕಿಸಿ.

ರೈತ ಬಾಂಧವರೆ, ಮುಂಗಾರಿನ ಹದ ತಪ್ಪಿದರೆ ಹಿಂಗಾರು ಇದೆ, ಈ ವರ್ಷ ಹೋದರೆ ಮುಂದಿನ ವರ್ಷವಿದೆ. ಈ ಎರಡು ರೋಗಗಳಲ್ಲಿ ಎರಡನೆಯ ಹಂಗಾಮು ಇಲ್ಲ.